ಮೂರು ಕಲ್ಲಿನ ಕಳಲೆ

ಕಳಲೆ ತಿನ್ನಬಹುದೋ ತಿನ್ನಬಾರದೋ ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ಅರ್ಧ ಗಂಟೆ ಭಾಷಣ ಮಾಡುತ್ತಿದ್ದೆ. ಈಗ ಬಾಯಿ ಮುಚ್ಚಿಕೊಂಡಿರುತ್ತೇನೆ. ಬಿದಿರುಮೆಳೆಯ ಬುಡದಲ್ಲಿ ಮಳೆ ಬಿದ್ದ ಮೇಲೆ ಏಳುವ ಆ ಎಳೆಮೊಳಕೆಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇಲ್ಲ ಎಂಬ ಜಂಬ ನನ್ನದಾಗಿತ್ತು. ಎರಡು ವರ್ಷದ ಹಿಂದಿನ ಆ ಬುಧವಾರ ಆ ಜಂಬ ಇಳಿಯಿತು. ಇಳಿದ ಜಾಗದಲ್ಲಿ ಜ್ಞಾನ ಬಂದು ಕೂತಿದೆ ಎಂದು ಯಾರೂ ತಿಳಿಯಬಾರದು. ಬರೀ ಗೊಂದಲ ಕೂತಿದೆ.

ನನ್ನ ತವರು ಸಿದ್ದಾಪುರದ ಕಡೆ, ಹೇರೂರು. ಅಲ್ಲಿ ಅಮ್ಮನದೊಂದು ಪದ್ಧತಿ ಇತ್ತು. ಕಳಲೆಯ ಸಿಪ್ಪೆ ಬಿಡಿಸಿ, ತೆಳ್ಳಗೆ ಬಿಲ್ಲೆ ಹೆಚ್ಚಿ, ದೊಡ್ಡ ತಪ್ಪಲೆಯಲ್ಲಿ ನೀರು ತುಂಬಿ ಮುಳುಗಿಸಿಡುವುದು. ದಿನಾ ಬೆಳಿಗ್ಗೆ ಹಳೆ ನೀರು ಚೆಲ್ಲಿ ಹೊಸ ನೀರು. ಪ್ರತಿ ಸಲ ನೀರು ಬದಲಿಸಿದಾಗ ಮುಚ್ಚಿದ ಹಲಗೆಯ ಮೇಲೆ ಒಂದು ಹರಳುಕಲ್ಲು. ಮೂರು ಕಲ್ಲು ಆದ ಮೇಲೆಯೇ ಅದು ಒಲೆಯ ಹತ್ತಿರ ಬರಬೇಕು. ಅದಕ್ಕೆ ಮೊದಲು ಅದು ವಿಷ ಎಂದೇ ಅಮ್ಮ ಹೇಳುತ್ತಿದ್ದಳು. ಹಸಿ ಕಳಲೆ ತಿಂದ ದನ ಹೊಟ್ಟೆ ಉಬ್ಬಿ ಬಿದ್ದ ಕಥೆಯನ್ನು ಹೇಳಿ ನಮ್ಮನ್ನು ಹೆದರಿಸುತ್ತಿದ್ದಳು. ಆ ದನ ಯಾರದು ಎಂದು ಕೇಳಿದರೆ ಪ್ರತಿ ವರ್ಷ ಬೇರೆ ಬೇರೆ ಮನೆಯ ಹೆಸರು ಬರುತ್ತಿತ್ತು.

ಮದುವೆಯಾಗಿ ಯಲ್ಲಾಪುರ ತಾಲೂಕಿಗೆ, ಅರಬೈಲ್ ಕಡೆಯ ಈ ಮನೆಗೆ ಬಂದಾಗ ಈ ಕಲ್ಲಿನ ಪದ್ಧತಿಯನ್ನೂ ಜೊತೆಗೆ ತಂದೆ. ಇಲ್ಲಿ ಅತ್ತೆ ಅಂದಾಜಿನ ಮೇಲೆ ಮಾಡುತ್ತಿದ್ದರು. ಅಂದಾಜು ಎಂದರೆ ನನಗೆ ಆಗುವುದಿಲ್ಲ. ಜಗಳವಾಡಿ, ಮುಖ ಊದಿಸಿಕೊಂಡು, ಕೊನೆಗೆ ಕಲ್ಲಿನ ನಿಯಮವನ್ನು ಈ ಮನೆಯಲ್ಲಿ ಸ್ಥಾಪಿಸಿದೆ. ಮನೆಯಲ್ಲಿ ಆಗ ನಾವು ನಾಲ್ಕು ಜನ: ಅತ್ತೆ, ನನ್ನ ಗಂಡ, ನಾನು, ಮತ್ತು ನನ್ನ ಓರಗಿತ್ತಿ. ಅವಳ ಗಂಡ, ಅಂದರೆ ನನ್ನ ಮೈದುನ, ಲಾರಿಯ ಮೇಲೆ ಇರುವವನು. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಕಂಡರೆ ಹೆಚ್ಚು.

ಆ ವರ್ಷ ಶಿರಸಿಯಲ್ಲಿ ನನ್ನ ತಂಗಿಗೆ ಕಣ್ಣಿನ ಆಪರೇಷನ್ ಆಯಿತೆಂದು ನಾಲ್ಕು ದಿನ ಅಲ್ಲಿಗೆ ಹೋಗಿದ್ದೆ. ಹೊರಡುವ ಮೊದಲು ಕಳಲೆಯ ಸಮಯ ಶುರುವಾಗಿತ್ತು. ನನ್ನ ಗಂಡ ಗುಡ್ಡದ ಕಡೆ ಹೋದವರು ಬರಿಗೈಯಲ್ಲಿ ಬರುವವರಲ್ಲ. ಹಾಗಾಗಿ ಹೇಳಿಯೇ ಹೋದೆ: ಕಳಲೆ ಬಂದರೆ ಮರೆಯದೆ ನೀರು ಬದಲಿಸಬೇಕು, ಕಲ್ಲು ಇಡಬೇಕು. ಮೂವರಿಗೂ ಒಟ್ಟಿಗೆ ಹೇಳಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಅತ್ತೆಗೆ ಮರೆವು, ಓರಗಿತ್ತಿಗೆ ಮೊಬೈಲು, ಗಂಡನಿಗೆ ಹೇಳಿದ್ದೆಲ್ಲ ಗಾಳಿಗೆ. ಒಬ್ಬರ ಮೇಲೂ ನಂಬಿಕೆ ಇಲ್ಲದೆ ಒಬ್ಬೊಬ್ಬರನ್ನೇ ಪ್ರತ್ಯೇಕ ಕರೆದು, ‘ಬೇರೆಯವರನ್ನು ನಂಬಬೇಡಿ, ನೀವೇ ಮಾಡಿ’ ಎಂದು ಗುಟ್ಟಾಗಿ ಹೇಳಿದೆ. ಅಷ್ಟು ಬುದ್ಧಿವಂತೆ ನಾನು.

ಬುಧವಾರ ಹನ್ನೊಂದರ ಹೊತ್ತಿಗೆ ಬಸ್ಸಿಳಿದು ಮನೆಗೆ ಬಂದೆ. ಅಂಗಳದಲ್ಲಿ ಅರಣ್ಯ ಇಲಾಖೆಯ ಗಾರ್ಡು ನಿಂತಿದ್ದರು. ನಮ್ಮ ಬೇಲಿಯ ಮೇಲೆ ಕಾಡಿನ ಮರವೊಂದು ಬಿದ್ದಿತ್ತು, ಅದನ್ನು ನೋಡಲು ಬಂದವರು. ಹಾವೇರಿ ಕಡೆಯ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ, ಈ ಕಡೆಗೆ ವರ್ಗವಾಗಿ ಬಂದು ಆರೇಳು ತಿಂಗಳಾಗಿತ್ತು. ಊಟದ ಹೊತ್ತಿಗೆ ಬಂದವರನ್ನು ಉಣ್ಣಿಸದೆ ಕಳಿಸುವ ಮನೆ ನಮ್ಮದಲ್ಲ. ಅತ್ತೆ ಆಗಲೇ ಅವರಿಗೆ ಊಟಕ್ಕೆ ಹೇಳಿಬಿಟ್ಟಿದ್ದರು. ಒಳಗೆ ಹೋಗಿ ನೋಡಿದರೆ ಮೇಲೋಗರಕ್ಕೆ ಒಂದು ಸೌತೆಕಾಯಿ ಬಿಟ್ಟರೆ ಏನೂ ಇಲ್ಲ.

ಹಿತ್ತಲ ಬಾಗಿಲಿಗೆ ಹೋದೆ. ಬಚ್ಚಲ ಕಟ್ಟೆಯ ಮೇಲೆ ತಪ್ಪಲೆ, ತಪ್ಪಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಸಾಲಾಗಿ ಮೂರು ಕಲ್ಲು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪರವಾಗಿಲ್ಲ, ನಾನಿಲ್ಲದಿದ್ದರೂ ಈ ಮನೆ ನಡೆಯುತ್ತದೆ ಎಂದುಕೊಂಡೆ. ಬಸಿದು, ಬೇಯಲು ಇಟ್ಟು, ಕಾಯಿ ತುರಿದು, ಸಾಸಿವೆ ಮೆಂತ್ಯ ಹುರಿದು ಗಡಿಬಿಡಿಯಲ್ಲಿ ಪಲ್ಯ ಮಾಡಿದೆ. ರುಚಿ ನೋಡಿದಾಗ ನಾಲಗೆಯ ತುದಿಯಲ್ಲಿ ಸ್ವಲ್ಪ ಕಹಿ ಬಂತು. ಮೆಂತ್ಯ ಹೆಚ್ಚಾಯಿತು ಎಂದು ಚೂರು ಬೆಲ್ಲ ಹಾಕಿದೆ.

ಬಡಿಸುವಾಗ ನೆನಪಾಯಿತು, ಉಣ್ಣಲು ಕೂತಿರುವವರು ಯಾರು ಎಂದು. ಕಾಡಿನ ಕಳಲೆ ಕಡಿದರೆ ಕೇಸು ಎಂದು ಹೇಳುವ ಇಲಾಖೆಯವರು. ಆ ಕಾನೂನೂ ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಪೇಟೆಯಲ್ಲಿ ಹಾಡಹಗಲೇ ರಾಶಿ ಹಾಕಿ ಮಾರುತ್ತಾರೆ, ಕೊಳ್ಳುವವರು ಕೊಳ್ಳುತ್ತಾರೆ. ಆದರೆ ಗುಡ್ಡದಲ್ಲಿ ಕತ್ತಿ ಹಿಡಿದವರನ್ನು ಕಂಡರೆ ಗದರುತ್ತಾರೆ. ಅದು ಹೇಗೂ ಇರಲಿ, ಅಷ್ಟರಲ್ಲಿ ಪಲ್ಯ ಅವರ ಬಾಳೆಯೆಲೆಯ ಮೇಲೆ ಬಿದ್ದಾಗಿತ್ತು.

“ಏನ್ ಪಲ್ಯೆರಿ ಇದು?” ಎಂದು ಗಾರ್ಡು ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಗಂಡ ಮೇಲೆ ಮಾಡು ನೋಡಿದರು. ಅತ್ತೆ ನೀರು ಕುಡಿದರು. ನಾನೇ ಹೇಳಿದೆ: “ಬಾಳೆಕುಂಡಿಗೆ. ಅದೇ, ಬಾಳೆಯ ಹೂವು.”

“ಹೌದ್ರಿ? ಬಾಳಿಹೂವಿನ ಪಲ್ಯೆ ಇಷ್ಟ್ ರುಚಿ ಇರ್ತೈತಿ ಅಂತ ಗೊತ್ತಿದ್ದಿಲ್ರಿ. ಇನ್ನಷ್ಟು ಹಾಕ್ರಿ.”

ಮೂರು ಸಲ ಹಾಕಿಸಿಕೊಂಡರು. ಕೈ ತೊಳೆದು ಹೊರಡುವಾಗ ಜಗಲಿಯಲ್ಲಿ ನಿಂತು ಸಂಕೋಚಪಟ್ಟರು. “ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಆ ಪಲ್ಯೆ ಉಳಿದಿದ್ರ ಒಂದೀಟು ಡಬ್ಬಿಗೆ ಹಾಕಿ ಕೊಡ್ತೀರೇನ್ರಿ? ಮನ್ಯಾಗ ಆಕೀಗೆ ಐದನೇ ತಿಂಗಳು. ಏನೂ ಸೇರವಲ್ದು.”

ಬಸುರಿಗೆ ಕಳಲೆ ಕೊಡಬಾರದು ಎಂಬ ಮಾತು ನಾನು ಹುಟ್ಟಿದಾಗಿನಿಂದ ಕೇಳಿದ್ದು. ಅದು ಉಷ್ಣ, ಗರ್ಭ ನಿಲ್ಲುವುದಿಲ್ಲ ಎನ್ನುತ್ತಾರೆ. ನಿಜವೋ ಸುಳ್ಳೋ ದೇವರಿಗೇ ಗೊತ್ತು. ಆದರೆ ಬಸುರಿ ಹೆಂಗಸಿಗೆಂದು ಕೇಳಿದ್ದನ್ನು ಇಲ್ಲ ಎನ್ನಬಾರದು ಎಂಬುದನ್ನೂ ಹುಟ್ಟಿದಾಗಿನಿಂದ ಕೇಳಿದ್ದೇನೆ. ಬಾಳೆಯ ಹೂವು ಎಂದು ಹೇಳಿಯಾಗಿದೆ. ಬಾಳೆಯ ಹೂವನ್ನು ಬಸುರಿಗೆ ಕೊಡುವುದಿಲ್ಲ ಎಂದು ಯಾವ ಬಾಯಿಂದ ಹೇಳಲಿ? ಮುಗಿಯಿತು ಎನ್ನಬಹುದಿತ್ತು, ಪಾತ್ರೆ ಎದುರಿಗೇ ಇತ್ತು. ಸ್ಟೀಲ್ ಡಬ್ಬಿಗೆ ನಾಲ್ಕು ಸೌಟು ಹಾಕಿ ಕೊಟ್ಟೆ. ಮೂರು ನೀರು ಕಂಡ ಕಳಲೆ, ಸ್ವಲ್ಪ ತಿಂದರೆ ಏನೂ ಆಗದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಗಾರ್ಡಿನ ಬೈಕು ಹೋದ ಮೇಲೆ ಪಾತ್ರೆ ತೊಳೆಯಲು ಕೂತೆ. ಮನಸ್ಸು ಹಗುರಾಗಿತ್ತು. ಓರಗಿತ್ತಿಯನ್ನು ಹೊಗಳಿದೆ, “ಈ ಸಲ ನೀರು ಸರಿಯಾಗಿ ಬದಲಿಸಿದ್ದೀಯಲ್ಲೇ” ಎಂದು.

“ಹೌದು ಅಕ್ಕಯ್ಯ. ಬೆಳಿಗ್ಗೆ ಎದ್ದವಳೇ ಬದ್ಲಾಯ್ಸಿ ಕಲ್ಲು ಇಟ್ಟಿದ್ದಿ” ಎಂದಳು.

ಒಳಗಿಂದ ಅತ್ತೆ ಕೂಗಿದರು: “ನೀ ಎಂತಕ್ಕೆ ಬದ್ಲಾಯ್ಸಿದ್ದೆ? ಆನು ಅದಕ್ಕಿಂತ ಮೊದ್ಲೇ ಬದ್ಲಾಯ್ಸಿ ಕಲ್ಲಿಟ್ಟಿದ್ನಲೆ.”

ಪಾತ್ರೆ ಅಲ್ಲೇ ಬಿಟ್ಟು ಎದ್ದೆ. ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದ ಗಂಡನ ಹತ್ತಿರ ಹೋಗಿ ನಿಂತೆ. ಅವರು ನನ್ನ ಮುಖ ನೋಡಿ, ಹೊಗಳಿಕೆ ಬರುತ್ತದೆ ಎಂದುಕೊಂಡರೋ ಏನೋ, “ಆನೂ ಗದ್ದೆಗೆ ಹೋಪಾಗ ಒಂದ್ಸಲ ಬದ್ಲಾಯ್ಸಿದ್ದಿ ಮಾರಾಯ್ತಿ. ನೀನೇ ಹೇಳಿದ್ದೆ ಅಲ್ದಾ, ಬೇರೆಯವ್ರನ್ನ ನಂಬಡಿ ಹೇಳಿ” ಎಂದರು.

“ಕಳಲೆ ತಂದಿದ್ದು ಯಾವತ್ತು?”

“ನಿನ್ನೆ ಸಂಜೆ.”

ಅಮ್ಮನ ಮನೆಯಲ್ಲಿ ನೀರು ಬದಲಿಸುವುದು ಅಮ್ಮ ಒಬ್ಬಳೇ. ಒಂದೇ ಕೈ ಇರುವಲ್ಲಿ ಮೂರು ಕಲ್ಲೆಂದರೆ ಮೂರು ದಿನ. ನನ್ನ ಮನೆಯಲ್ಲಿ ಮೂರು ಜನ ಒಂದೇ ಬೆಳಿಗ್ಗೆ, ಒಬ್ಬರು ಇಟ್ಟ ಕಲ್ಲನ್ನು ಇನ್ನೊಬ್ಬರು ನಂಬದೆ, ಅತಿ ಶ್ರದ್ಧೆಯಿಂದ ಮೂರು ಸಲ ನೀರು ಚೆಲ್ಲಿದ್ದರು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಹತ್ತು ಬೇಕಾಗಿಲ್ಲ, ಮೂರು ಸಾಕು. ಅವರ ಮೇಲೆ ಸಿಟ್ಟು ಮಾಡಲು ಬಾಯಿ ತೆರೆದೆ. ಸಿಟ್ಟಿಗೆ ಕಾರಣ ಸಿಗಲಿಲ್ಲ. ಹೇಳಿದ್ದನ್ನು ಮಾಡಿದ್ದರು.

ಈಗ ಪ್ರಶ್ನೆ ಒಂದೇ: ಲೆಕ್ಕಕ್ಕೆ ಬರುವುದು ದಿನವೋ, ನೀರೋ? ಮೂರು ನೀರು ಆಗಿದೆ, ಒಂದು ದಿನವೂ ಪೂರ್ತಿ ಆಗಿಲ್ಲ. ಅಮ್ಮನಿಗೆ ಫೋನು ಮಾಡಿದೆ. “ಮೂರು ದಿನ ಅಂದ್ರೆ ಮೂರು ದಿನ” ಎಂದಳು, ಮತ್ತೆ ಆ ದನದ ಕಥೆ ಶುರು ಮಾಡಿದಳು. ಶಿರಸಿಯ ತಂಗಿಗೆ ಮಾಡಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅವಳು ನಕ್ಕಳು: “ನಮ್ಮಲ್ಲಿ ನೀರಿಗೆ ಹಾಕೋದೇ ಇಲ್ಲೆ ಅಕ್ಕ, ಬೇಯ್ಸಿ ನೀರು ಚೆಲ್ಲೋದು ಅಷ್ಟೆ.” ಓರಗಿತ್ತಿ ಮೊಬೈಲಿನಲ್ಲಿ ಹುಡುಕಿದಳು. ಒಬ್ಬಾತ ಅದನ್ನು ಅಮೃತ ಎನ್ನುತ್ತಿದ್ದ, ಇನ್ನೊಬ್ಬಾಕೆ ಸೈನೈಡ್ ಎನ್ನುತ್ತಿದ್ದಳು. ನಲವತ್ತು ವರ್ಷ ತಿಂದ ಪದಾರ್ಥದ ಬಗ್ಗೆ ನಮ್ಮ ವಂಶಕ್ಕೇ ಏನೂ ಗೊತ್ತಿರಲಿಲ್ಲ ಎಂದು ಅನಿಸಿ ಅಳು ಬಂತು.

ಮತ್ತೆ, ಬೇಯಿಸಿದ ನೀರು ನಾನು ಚೆಲ್ಲಿದ್ದೆನೋ ಇಲ್ಲವೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

“ಎಂತೂ ಆಗ್ತಿಲ್ಲೆ. ನಾವೂ ಉಂಡಿದ್ವಲಿ” ಎಂದರು ಅತ್ತೆ. “ನೀ ಹೋಗಿ ಹೇಳಿದ್ರೆ ನಾವೇ ಕಳಲೆ ಕಡ್ದಿದ್ದು ಒಪ್ಕಂಡಂಗೆ ಆಗ್ತು.” ಗಂಡನೂ ಅದನ್ನೇ ಹೇಳಿದರು, ಸ್ವಲ್ಪ ಮೆಲ್ಲಗೆ. ಗಾರ್ಡಿನ ನಂಬರು ಅವರ ಫೋನಿನಲ್ಲಿತ್ತು. ಹಚ್ಚಿ ಕೊಡಿ ಎಂದೆ. ಗುಡ್ಡದಲ್ಲಿದ್ದರೋ ಏನೋ, ನಾಲ್ಕು ಸಲ ಹಚ್ಚಿದರೂ ಸಿಗಲಿಲ್ಲ. ನಾವು ನಾಲ್ಕು ಜನ ದೊಡ್ಡವರು, ನಮ್ಮ ಹೊಟ್ಟೆ ನಮ್ಮದು. ಆ ಡಬ್ಬಿ ತೆರೆಯುವವಳ ಹೊಟ್ಟೆಯಲ್ಲಿ ಇನ್ನೊಂದು ಜೀವ ಇದೆ ಎಂಬುದು ತಲೆಯಿಂದ ಹೋಗಲಿಲ್ಲ. ಸ್ಕೂಟಿ ತೆಗೆದೆ. ಯಲ್ಲಾಪುರದವರೆಗೂ ತಲೆ ಸುತ್ತುತ್ತಿತ್ತು. ಕಳಲೆಯ ದೆಸೆಯಿಂದಲೋ, ಹೆದರಿಕೆಯಿಂದಲೋ, ನಾಲ್ಕು ದಿನ ನಿದ್ದೆಗೆಟ್ಟಿದ್ದರಿಂದಲೋ ಹೇಳಲಾರೆ.

ಇಲಾಖೆಯ ವಸತಿಯ ಕೊನೆಯ ಮನೆ. ಬಾಗಿಲು ತೆರೆದವಳು ಸಣ್ಣ ಹುಡುಗಿಯ ಹಾಗಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಮುಖ ಅರಳಿತು. “ಬರ್ರಿ ಅಕ್ಕಾರ, ಒಳಗ ಬರ್ರಿ. ಈಗ ಡಬ್ಬಿ ತೊಳೆದಿಟ್ಟೆ ನೋಡ್ರಿ.”

“ಪಲ್ಯ?”

“ಎಲ್ಲಾ ಉಂಡೆರಿ! ಎರಡು ರೊಟ್ಟಿ ತಿಂದೆ. ಎರಡು ತಿಂಗಳಾಗಿತ್ರಿ ಹೊಟ್ಟಿ ತುಂಬಾ ಉಂಡು.”

ಹೇಳಬೇಕಾಗಿದ್ದದ್ದು ಆಗಲೇ. ಹೇಳಲಿಲ್ಲ. ಅವಳು ಕುರ್ಚಿ ಎಳೆದಳು, ಚಹಾ ಇಟ್ಟಳು, ತವರಿನ ಸುದ್ದಿ ಹೇಳಿದಳು. ಈ ಊರಿಗೆ ಬಂದ ಮೇಲೆ ಮಾತಾಡಿಸಲೆಂದೇ ಮನೆಗೆ ಬಂದವರು ನೀವೊಬ್ಬರೇ ಎಂದಳು. ನಾನು ಬಂದದ್ದು ಯಾಕೆ ಎಂದು ನನಗೇ ಗೊತ್ತಿತ್ತು. ನಾಚಿಕೆಯಾಯಿತು. ನಡುನಡುವೆ, “ತಲೆನೋವು ಇಲ್ಲ ಅಲ್ವಾ? ಹೊಟ್ಟೆ ತೊಳಸ್ತಾ ಇಲ್ಲ ಅಲ್ವಾ?” ಎಂದು ಕೇಳುತ್ತಿದ್ದೆ. ಅವಳು ಅದನ್ನು ಪ್ರೀತಿ ಎಂದುಕೊಂಡಳು. ಒಂದು ಸಲ ಹಣೆ ಒತ್ತಿಕೊಂಡಳು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಕೂದಲು ಸರಿಮಾಡಿಕೊಂಡಳಷ್ಟೇ.

“ಅಕ್ಕಾರ, ಯಾಕ್ರಿ ನನ್ನ ಮಾರಿ ಹಂಗ ನೋಡಾಕ ಹತ್ತೀರಿ?” ಎಂದು ಕೇಳಿದಳು.

ಆ ಪ್ರಶ್ನೆಗೆ ಇನ್ನೊಂದು ಸುಳ್ಳು ನನ್ನಲ್ಲಿ ಇರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಬೈಕು ನಿಂತಿತು. ಗಾರ್ಡು ಒಳಗೆ ಬಂದರು, ನನ್ನನ್ನು ಕಂಡು ಆಶ್ಚರ್ಯಪಟ್ಟರು. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಒಂದೇ ಉಸಿರಿನಲ್ಲಿ ಹೇಳಿದೆ: ಅದು ಬಾಳೆಯ ಹೂವಲ್ಲ, ಕಳಲೆ, ಗುಡ್ಡದ್ದು, ನೀರಿನಲ್ಲಿ ಒಂದು ದಿನವೂ ಪೂರ್ತಿ ಇರಲಿಲ್ಲ, ಕೇಸು ಹಾಕುವುದಾದರೆ ಹಾಕಿ, ಮೊದಲು ಆಸ್ಪತ್ರೆಗೆ ಹೋಗೋಣ.

ಅವರು ಹೆಂಡತಿಗೆ ಶಾಲು ಕೊಟ್ಟರು. ಆಟೋದಲ್ಲಿ ಮೂವರೂ ಹೋದೆವು. ಅವಳ ಕೈ ಹಿಡಿದುಕೊಂಡರೆ ಬಿಡಿಸಿಕೊಂಡಳು.

ಡಾಕ್ಟರು ಬೇರೆ ಊರಿನವರು, ವಯಸ್ಸು ಕಡಿಮೆ. ಕಳಲೆ ಎಂದರೆ ಏನೆಂದು ಕೇಳಿದರು. ಬಿದಿರಿನ ಮೊಳಕೆ ಎಂದ ಮೇಲೆ ಗಂಭೀರರಾದರು. ಅವಳ ಬಿ.ಪಿ., ನಾಡಿ, ಮಗುವಿನ ಎದೆಬಡಿತ ಎಲ್ಲ ನೋಡಿದರು. ಯಾರಿಗೋ ಫೋನು ಮಾಡಿ ಕೇಳಿದರು. ನನ್ನತ್ತ ತಿರುಗಿ, “ದಪ್ಪ ಹೆಚ್ಚಿದ್ರಾ, ತೆಳ್ಳಗಾ? ಎಷ್ಟು ಹೊತ್ತು ಬೇಯಿಸಿದ್ರಿ? ಮುಚ್ಚಳ ಮುಚ್ಚಿದ್ರಾ? ಆ ನೀರು ಚೆಲ್ಲಿದ್ರಾ?” ಎಂದು ಒಂದರ ಮೇಲೊಂದು ಕೇಳಿದರು. ತೆಳ್ಳಗೆ ಎಂಬುದೊಂದು ಬಿಟ್ಟರೆ ಯಾವುದಕ್ಕೂ ಗಟ್ಟಿಯಾಗಿ ಉತ್ತರ ಹೇಳಲಾಗಲಿಲ್ಲ. ಮನೆಗೆ ಫೋನು ಹಚ್ಚಿದೆ. ಚೆಲ್ಲಿದ್ದನ್ನು ಕಂಡಿದ್ದೇನೆ ಎಂದಳು ಓರಗಿತ್ತಿ. ಕಂಡಿಲ್ಲ ಎಂದರು ಅತ್ತೆ.

“ಚೆನ್ನಾಗಿ ಬೆಂದಿದ್ರೆ ವಿಷ ಬಹುಪಾಲು ಹೋಗಿರುತ್ತೆ. ಇಷ್ಟು ಹೊತ್ತಾದ್ರೂ ಏನೂ ಲಕ್ಷಣ ಇಲ್ಲ, ಅದು ಒಳ್ಳೇದೇ. ಆದ್ರೂ ಸಂಜೆವರೆಗೆ ಇಲ್ಲೇ ಇರಲಿ, ನೋಡೋಣ” ಎಂದರು. ಹಾಗಾದರೆ ನಮ್ಮಮ್ಮನ ಮೂರು ದಿನ ಸುಳ್ಳೇ ಎಂದು ಕೇಳಿದೆ. “ಸುಳ್ಳು ಅಂತ ನಾನು ಹೇಳಲಿಲ್ಲವಲ್ಲ” ಎಂದರು. ಬಸುರಿ ತಿನ್ನಬಾರದು ಎನ್ನುತ್ತಾರಲ್ಲ, ಅದು? “ತಿನ್ನದಿದ್ರೆ ನಷ್ಟ ಏನೂ ಇಲ್ಲ” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವರ ಮೇಲೂ ಸಿಟ್ಟು ಬಂತು. ಆಮೇಲೆ, ಗೊತ್ತಿಲ್ಲದ್ದನ್ನು ಗೊತ್ತು ಎನ್ನದೆ ಇದ್ದವರು ಇಡೀ ದಿನದಲ್ಲಿ ಇವರೊಬ್ಬರೇ ಎಂದು ಸುಮ್ಮನಾದೆ.

ಹೊರಗಿನ ಬೆಂಚಿನಲ್ಲಿ ನಾನೂ ಗಾರ್ಡೂ ಕೂತೆವು. ಕಿಟಕಿಯಿಂದ ಅವಳು ಕಾಣುತ್ತಿದ್ದಳು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಮಾಡು ನೋಡುತ್ತ ಮಲಗಿದ್ದಳು. ಆರೂವರೆಗೆ ಡಾಕ್ಟರು ಮತ್ತೊಮ್ಮೆ ಬಂದು ನೋಡಿ, ಏನೂ ತೊಂದರೆ ಇಲ್ಲ, ಕರೆದುಕೊಂಡು ಹೋಗಬಹುದು, ತಲೆಸುತ್ತು ವಾಂತಿ ಕಂಡರೆ ಕೂಡಲೇ ಬನ್ನಿ ಎಂದರು. ಗಾರ್ಡು ಮುಖ ಒರೆಸಿಕೊಂಡರು. ಅವರು ಅಳುತ್ತಿದ್ದರು ಎಂದು ನನಗೆ ಗೊತ್ತಾದದ್ದೇ ಆಗ.

“ಸುಳ್ಳು ಹೇಳಿದ್ದು ನನ್ನ ತಪ್ಪು” ಎಂದೆ. “ಕಳಲೆ ಅಂದ್ರೆ ಕೇಸ್ ಹಾಕ್ತೀರಿ ಅಂತ ಹೆದರಿಕೆ ಆಯ್ತು.”

“ಎಲಿಯೊಳಗ ಬಿದ್ದ ಕೂಡ್ಲೇ ಕಳಲಿ ಅಂತ ಗೊತ್ತಾತ್ರಿ ಅಕ್ಕಾರ” ಎಂದರು ಅವರು. “ಮೂರು ವರ್ಷ ಮುಂಡಗೋಡ ಕಡೆ ಇದ್ದಾಂವ ನಾ. ಆಕಿ ತವರೂ ಅಲ್ಲೇ. ಎರಡು ತಿಂಗಳಿಂದ ಕಳಲಿ ಬೇಕು, ಕಳಲಿ ಬೇಕು ಅಂತ ಬಯಕಿ ಆಕೀಗೆ. ಗಾರ್ಡ್ ಆಗಿ ನಾ ಯಾರ್ನ ಕೇಳ್ಲಿ? ಸಂತ್ಯಾಗ ತಗೊಂಡ್ರ ಮಂದಿ ನಗ್ತಾರ. ನೀವು ಬಾಳಿಹೂ ಅಂದ್ರಿ. ಛಲೋ ಆತು ಅಂತ ನಾನೂ ಬಾಳಿಹೂ ಅಂದೆ. ಆಕೀಗೂ ಹಂಗ ಹೇಳು ಅಂದೆ.”

ಹಾಗಾದರೆ ಅವಳಿಗೂ ಗೊತ್ತಿತ್ತು. ಅಷ್ಟು ಹೊತ್ತು ನಾವಿಬ್ಬರೂ ಎದುರುಬದುರು ಕೂತು, ಇಬ್ಬರಿಗೂ ಗೊತ್ತಿದ್ದ ಒಂದು ಮಾತನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದೆವು. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಗೊತ್ತಿದ್ದ ಮೇಲೆ, ಐದು ತಿಂಗಳ ಬಸುರಿ ಹೆಂಡತಿಗೆ ಕೊಡುವ ಮೊದಲು ಒಂದು ಮಾತು ಕೇಳಬಾರದಿತ್ತೇ ಎಂದುಬಿಟ್ಟೆ. ದನಿ ಜೋರಾಯಿತು. ನನ್ನ ತಪ್ಪನ್ನು ಅವರ ಹೆಗಲಿಗೂ ಸ್ವಲ್ಪ ದಾಟಿಸುವ ಆಸೆ ಇತ್ತೆಂದು ಕಾಣುತ್ತದೆ.

ಅವರು ಸಿಟ್ಟು ಮಾಡಲಿಲ್ಲ. ಒಳಗೆ ಚಪ್ಪಲಿ ಹುಡುಕುತ್ತಿದ್ದ ಹೆಂಡತಿಯನ್ನೇ ನೋಡುತ್ತ ಹೇಳಿದರು:

“ನೀವು ಕಳಲಿ ಅಂದಿದ್ರ, ಎಷ್ಟು ದಿನ ನೀರಾಗಿಟ್ಟೀರಿ ಅಂತ ಕೇಳ್ತಿದ್ದೆ ಅಕ್ಕಾರ. ಬಾಳಿಹೂವಿಗೆ ಹೆಂಗ ಕೇಳ್ಲಿ?”